ಶಾಲೆ ಗೋಡೆಗೆ ಸಿಮೆಂಟ್ ಬಳಿಯುವ ಮೊದಲು: ದಯವಿಟ್ಟು ಎಲ್ಲರೂ ಓದಿ

ಗುಂಪಿನ ಸಂಚಾಲಕಿ:
ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಶಾಲೆ ಕಟ್ಟಡದ ನವೀಕರಣಕ್ಕೆ ಕೊನೆಗೂ ಮಂಜೂರಾತಿ ಸಿಕ್ಕಿದೆ. ಆದರೆ ಎಸ್ಟಿಮೇಟ್ ಓದಿ ಎದೆ ಧಸಕ್ಕೆಂದಿತು. ಹಳೇ ಸುಣ್ಣದ ಗಾರೆಯನ್ನೆಲ್ಲ ಕಿತ್ತು ಸಿಮೆಂಟ್ ಪ್ಲಾಸ್ಟರ್, ತರಗತಿಗಳಿಗೆ ಫಾಲ್ಸ್ ಸೀಲಿಂಗ್, ಮರದ ಕಿಟಕಿ ತೆಗೆದು ಅಲ್ಯೂಮಿನಿಯಂ. ಸೋರುವ ಮಾಡಿನ ಬಗ್ಗೆ ಒಂದೇ ಸಾಲು. ರ‍್ಯಾಂಪಿನ ಸುದ್ದಿಯೇ ಇಲ್ಲ. ಕೆಲಸ ಶುರುವಾಗುವ ಮೊದಲೇ ನಾವು ಮನವಿ ಕೊಡಬೇಕು. ಏನೇನು ಬರೆಯಬೇಕು ಹೇಳಿ.

ಇಬ್ಬರು ಮಕ್ಕಳ ತಂದೆ:
ಮೇಡಂ, ತಪ್ಪು ತಿಳ್ಕೋಬೇಡಿ. ನನ್ನ ಮಗಳು ಕೂರೋ ಬೆಂಚಿನ ಪಕ್ಕದಲ್ಲೇ ಗೋಡೆ ಬಿರುಕು ಬಿಟ್ಟಿದೆ. ಹಳೇ ಕಟ್ಟಡ ಅಂತ ಅಭಿಮಾನ ನನಗೂ ಇದೆ, ನಾನೂ ಅಲ್ಲೇ ಓದಿದವನು. ಆದರೆ ಮಕ್ಕಳ ಮೇಲೆ ಬಿದ್ದರೆ ಯಾರು ಹೊಣೆ? ಸಿಮೆಂಟ್ ಗಟ್ಟಿ ತಾನೆ? ಪೂರ್ತಿ ಕೆಡವಿ ಹೊಸದು ಕಟ್ಟಿದರೂ ನನ್ನದು ಅಡ್ಡಿಯಿಲ್ಲ.

ನಿವೃತ್ತ ಸಿವಿಲ್ ಇಂಜಿನಿಯರ್:
ನಿಮ್ಮ ಭಯ ಸರಿಯಾದದ್ದೇ. ಅದಕ್ಕೇ ಇವತ್ತು ಸಂಜೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆ ಕೋಣೆಗೆ ಹೋಗಿ ಬಂದೆ. ಕಪ್ಪು ಹಲಗೆಯ ಹಿಂದಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಡೊಳ್ಳು ಶಬ್ದ. ಕೆಲವು ವರ್ಷಗಳ ಹಿಂದೆ ಅಲ್ಲಿ ಸಿಮೆಂಟ್ ತೇಪೆ ಹಾಕಿದ್ದಾರೆ. ಅದರ ಅಂಚು ಎತ್ತಿದೆ, ಒಳಗಿನ ಇಟ್ಟಿಗೆ ಪುಡಿಪುಡಿ. ಮುಟ್ಟಿದರೆ ಬಿಳಿ ಉಪ್ಪು ಕೈಗೆ ಅಂಟುತ್ತೆ. ಪಕ್ಕದಲ್ಲೇ ಇರುವ ಹಳೇ ಗಾರೆ ಮಾತ್ರ ಗಟ್ಟಿಯಾಗಿದೆ!

ಕಾರಣ ಇಷ್ಟೆ. ಸುಣ್ಣದ ಗಾರೆ ತೇವವನ್ನು ಹೀರಿಕೊಳ್ಳುತ್ತೆ, ಒಣಹವೆಯಲ್ಲಿ ಹೊರಗೆ ಬಿಡುತ್ತೆ. ಸಿಮೆಂಟ್ ಪದರ ದಟ್ಟ. ಗೋಡೆಯೊಳಗಿನ ನೀರು ಹೊರಬರಲು ದಾರಿಯಿಲ್ಲದೆ ಮೇಲೇರುತ್ತೆ, ಜೊತೆಗೆ ಉಪ್ಪು ಇಟ್ಟಿಗೆಯ ಒಳಗೇ ಹರಳುಗಟ್ಟಿ ಅದನ್ನು ಒಡೆಯುತ್ತೆ. ಸಿಮೆಂಟ್ ಗಟ್ಟಿ ನಿಜ. ಆದರೆ ಮೆದು ಇಟ್ಟಿಗೆಯ ಗೋಡೆ ಸ್ವಲ್ಪ ಅಲುಗಿದಾಗ ಗಾರೆ ಅದರ ಜೊತೆ ಬಾಗುತ್ತೆ, ಸಿಮೆಂಟ್ ಬಾಗಲ್ಲ.

ಬಿರುಕಿನ ವಿಷಯ: ಅದರ ಮೇಲೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಬೇಕು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಒಡೆಯದಿದ್ದರೆ ಹಳೇ ಬಿರುಕು. ಎರಡಕ್ಕೂ ಚಿಕಿತ್ಸೆ ಬೇರೆ. ಅದು ಗೊತ್ತಾಗುವ ತನಕ ಆ ಬೆಂಚನ್ನು ಬೇರೆ ಕಡೆ ಹಾಕಿಸಿ. ಇದನ್ನು ನಾಳೆಯೇ ಮಾಡಿಸಬಹುದು.

ಇಬ್ಬರು ಮಕ್ಕಳ ತಂದೆ:
ಸರಿ ಸರ್, ಬೆಳಗ್ಗೆ ನಾನೇ ಹೋಗಿ ಕೇಳ್ತೀನಿ. ಮಾಡಿನ ತೊಲೆಗಳು?

ನಿವೃತ್ತ ಸಿವಿಲ್ ಇಂಜಿನಿಯರ್:
ನಡುಭಾಗ ಅಲ್ಲ, ಗೋಡೆಯೊಳಗೆ ಕೂತಿರುವ ತುದಿಗಳನ್ನು ನೋಡಬೇಕು. ಮೊದಲು ಕೊಳೆಯೋದು ಅಲ್ಲೇ, ಗೆದ್ದಲು ಹತ್ತೋದೂ ಅಲ್ಲೇ. ಸ್ಕ್ರೂಡ್ರೈವರ್ ಚುಚ್ಚಿದಾಗ ಮೆತ್ತಗೆ ಇಳಿದರೆ ಆ ತೊಲೆ ಬದಲಿಸಲೇಬೇಕು. ಫಾಲ್ಸ್ ಸೀಲಿಂಗ್ ಹಾಕಿದರೆ ಇದೆಲ್ಲ ಕಣ್ಣಿಗೇ ಬೀಳಲ್ಲ. ಮೇಲಿನ ಬೆಳಕಿಂಡಿಗಳೂ ಮುಚ್ಚಿಹೋಗುತ್ತವೆ, ಬಿಸಿಗಾಳಿ ಹೊರಹೋಗುವ ದಾರಿ ಅದೇ.

ಆರ್ಕಿಟೆಕ್ಚರ್ ವಿದ್ಯಾರ್ಥಿನಿ:
ಅಂಕಲ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹಳೇದನ್ನು ಉಳಿಸೋದು ಅಂದರೆ ಹೊಸದೇನೂ ಬೇಡ ಅಂತಲ್ಲ. ಹಳೇ ಕಟ್ಟಡಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದಿನ ಪ್ರಕಾರ, ಹೊಸದಾಗಿ ಸೇರಿಸಿದ ಭಾಗ ಇಡೀ ಕಟ್ಟಡಕ್ಕೆ ಹೊಂದಬೇಕು, ಆದರೆ ಹಳೆಯದಲ್ಲ ಅಂತ ಗುರುತು ಸಿಗಬೇಕು. ಹಾಗಾಗಿ ಶೌಚಾಲಯ, ವೈರಿಂಗ್, ರ‍್ಯಾಂಪ್ ಎಲ್ಲವನ್ನೂ ಧೈರ್ಯವಾಗಿ ಕೇಳೋಣ. ವೈರಿಂಗಿಗೆ ಗೋಡೆ ಕೊರೆಯೋದು ಬೇಡ, ಮೇಲ್ಮೈ ಮೇಲೆ ಪೈಪಿನಲ್ಲಿ ಹೋಗಲಿ. ಮತ್ತೆ, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸೋದು ಮಕ್ಕಳಿಗೆ ವಿಷ, ಆ ಕೆಲಸ ರಜೆಯಲ್ಲೇ ಆಗಲಿ.

ಮೂಲೆಮನೆಯವರು:
ರ‍್ಯಾಂಪ್ ಬಗ್ಗೆ ಗಟ್ಟಿಯಾಗಿ ಬರೆಯಿರಿ ಅಕ್ಕ. ನನ್ನ ಮೊಮ್ಮಗನನ್ನು ದಿನಾ ಗಾಲಿಕುರ್ಚಿ ಸಮೇತ ಇಬ್ಬರು ಎತ್ತಿ ಒಳಗಿಡ್ತಾರೆ. ಅವನಿಗೆ ಈಗ ನಾಚಿಕೆ ಆಗೋ ವಯಸ್ಸು. ಎತ್ತೋವಾಗ ಕಣ್ಣು ಮುಚ್ಕೊಂಡಿರ್ತಾನೆ.

ಆರ್ಕಿಟೆಕ್ಚರ್ ವಿದ್ಯಾರ್ಥಿನಿ:
ಖಂಡಿತ ಅಜ್ಜಿ. ಇಳಿಜಾರು 1:12ಕ್ಕಿಂತ ಕಡಿದಾಗಬಾರದು, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದ ಇರಬೇಕು. ಮುಂಬಾಗಿಲ ಮೂರು ಮೆಟ್ಟಿಲು ಸೇರಿ 45 ಸೆಂ.ಮೀ. ಎತ್ತರ, ಅಂದರೆ ರ‍್ಯಾಂಪಿಗೆ 5.4 ಮೀಟರ್ ಉದ್ದ ಬೇಕು. ಪಕ್ಕದ ಅಂಗಳದಲ್ಲಿ ಜಾಗ ಇದೆ, ಅಳೆದು ನಕ್ಷೆ ಹಾಕಿಕೊಡ್ತೀನಿ.

ಹಳೆ ವಿದ್ಯಾರ್ಥಿ:
ಈಗಷ್ಟೇ ಜೋರು ಮಳೆ ಬಂತಲ್ಲ, ಕೊಡೆ ಹಿಡಿದು ಶಾಲೆ ಹಿಂಭಾಗಕ್ಕೆ ಹೋಗಿದ್ದೆ. ಸೂರಿನ ದೋಣಿಯಲ್ಲಿ ಎಲೆ ತುಂಬಿ, ನೀರೆಲ್ಲ ಉಕ್ಕಿ ಗೋಡೆ ಮೇಲೇ ಇಳೀತಿದೆ. ಸರಿಯಾಗಿ ಆ ಕಪ್ಪು ಹಲಗೆಯ ಹಿಂದೆ! ಬುಡದಲ್ಲಿ ನೀರು ನಿಂತು ಮಡುಗಟ್ಟಿದೆ. ವಿಡಿಯೊ ಹಾಕಿದ್ದೀನಿ.

ಗುಂಪಿನ ಸಂಚಾಲಕಿ:
ವಿಡಿಯೊ ನೋಡಿದೆ, ಮನವಿಯ ಮೊದಲ ಸಾಲನ್ನೇ ಬದಲಿಸಿದೆ: "ಮೊದಲು ಮಾಡು, ದೋಣಿ, ಚರಂಡಿ ಸರಿಯಾಗಲಿ. ಗೋಡೆ ಒಣಗಲಿ. ಆಮೇಲೆ ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯಿಂದಲೇ ದುರಸ್ತಿಯಾಗಲಿ." ಎರಡನೆಯದು ರ‍್ಯಾಂಪ್. ಭಾನುವಾರ ಬೆಳಗ್ಗೆ ಎಂಟಕ್ಕೆ ಶಾಲೆ ಗೇಟಿನ ಹತ್ತಿರ ಸಹಿ ಹಾಕೋಣ.

ಇಬ್ಬರು ಮಕ್ಕಳ ತಂದೆ:
ಮೊದಲ ಸಹಿ ನನ್ನದು ಮೇಡಂ. ಮುಖ್ಯೋಪಾಧ್ಯಾಯರು ಒಪ್ಪಿದರೆ ದೋಣಿಯ ಎಲೆ ತೆಗೆಯೋಕೆ ಏಣಿ ತರ್ತೀನಿ, ಕೆಳಗೆ ಹಿಡಿಯೋಕೆ ಇಬ್ಬರು ಬೇಕು.