ಸೇಬಿಗೊಂದು ಕೋಟ್

ಭಾನುವಾರ ಸಂಜೆ ನಮ್ಮ ಮಾಳಿಗೆ ಮೇಲೆ ಸೇರುವವರು ನಾವು ನಾಲ್ಕೇ ಜನ. ರಿಟೈರ್ ಆದ ವಿಜ್ಞಾನದ ಮಾಸ್ತರರು, ಒಣದ್ರಾಕ್ಷಿ ವ್ಯಾಪಾರದ ಅಡತ್ಯಾ, ಬೋರ್ಡು ಬರೆಯುವ ಪೇಂಟರ್, ಮತ್ತು ಮನೆ ನನ್ನದಾದ್ದರಿಂದ ನಾನು. ಚುರುಮುರಿ ಇರುತ್ತದೆ, ಮಿರ್ಚಿ ಇರುತ್ತದೆ, ದೂರದಲ್ಲಿ ಗೋಳಗುಮ್ಮಟ ಇರುತ್ತದೆ. ಗುಮ್ಮಟದೊಳಗೆ ಒಂದು ಮಾತು ಆಡಿದರೆ ಏಳು ಸಲ ಕೇಳಿಸುತ್ತದೆ ಅನ್ನುತ್ತಾರೆ. ನಮ್ಮ ಮಾಳಿಗೆ ಮೇಲೆ ಅಡತ್ಯಾನ ಒಂದು ಮಾತು ಎಂಟು ಸಲ ಕೇಳಿಸುತ್ತದೆ, ಅಷ್ಟೇ ವ್ಯತ್ಯಾಸ.

ಆ ಭಾನುವಾರದ ವಿಷಯ ನಾನೇ ತಂದಿದ್ದೆ. ಮಗಳಿಗೆ ಮುಂದಿನ ಭಾನುವಾರ ಹತ್ತು ವರ್ಷ ತುಂಬುತ್ತದೆ. ಕೇಕ್ ಬೇಡವಂತೆ. ಕ್ಯಾಂಡಿ ಆ್ಯಪಲ್ ಬೇಕಂತೆ. ಮೊಬೈಲಿನಲ್ಲಿ ತೋರಿಸಿಯೂ ಆಗಿತ್ತು. ಸೇಬಿಗೆ ಕಡ್ಡಿ ಚುಚ್ಚುವುದು, ಕುದಿಯುವ ಕೆಂಪು ಸಕ್ಕರೆ ಪಾಕದಲ್ಲಿ ಅದ್ದುವುದು, ಎತ್ತಿ ಇಡುವುದು. ಎರಡು ನಿಮಿಷದಲ್ಲಿ ಮೇಲೆ ಗಾಜಿನಂಥ ಪದರ. ಕಚ್ಚಿದರೆ ಕಟಂ.

"ಅಲ್ಲೋ, ಸೇಬು ಮೊದಲೇ ಕೆಂಪಗಿರುತ್ತಲ್ಲ. ಅದಕ್ಕೆ ಮತ್ತೆ ಕೆಂಪು ಯಾಕೆ?" ಎಂದ ಅಡತ್ಯಾ.

"ನಿನ್ನ ಒಣದ್ರಾಕ್ಷಿ ಮೊದಲೇ ಸಿಹಿ. ಅದನ್ನ ಪಾಯಸಕ್ಕೆ ಯಾಕೆ ಹಾಕ್ತೀ?" ಎಂದ ಪೇಂಟರ್.

ಮಾಸ್ತರರು ಗಂಟಲು ಸರಿ ಮಾಡಿಕೊಂಡರು. ಅವರು ಗಂಟಲು ಸರಿ ಮಾಡಿಕೊಂಡರೆ ಒಂದು ಇಸವಿ ಬರುತ್ತದೆ. ಬಂತು. "1908. ಅಮೆರಿಕದ ನ್ಯೂಜೆರ್ಸಿಯಲ್ಲಿ ನ್ಯೂಆರ್ಕ್ ಅಂತ ಊರು. ಅಲ್ಲಿ ಕೋಲ್ಬ್ ಅನ್ನೋ ಮಿಠಾಯಿಯವನು ಕ್ರಿಸ್‌ಮಸ್‌ಗೆ ಅಂತ ದಾಲ್ಚಿನ್ನಿ ಹಾಕಿದ ಕೆಂಪು ಪಾಕ ಮಾಡಿದ್ದನಂತೆ. ಅದರಲ್ಲಿ ಸೇಬು ಅದ್ದಿ ಅಂಗಡಿ ಕಿಟಕಿಯಲ್ಲಿ ಅಂದಕ್ಕೆ ಇಟ್ಟ. ಬಂದವರು ಮಿಠಾಯಿ ಬಿಟ್ಟು ಸೇಬೇ ಕೊಡು ಅಂದರು. ಐದು ಸೆಂಟಿಗೆ ಒಂದು."

"ಅಂದ್ರೆ ಅದು ತಿನ್ನೋಕೆ ಮಾಡಿದ್ದಲ್ಲ, ನೋಡೋಕೆ ಮಾಡಿದ್ದು!" ಪೇಂಟರ್ ಮಿರ್ಚಿ ಕೆಳಗಿಟ್ಟ. ಫ್ಲೆಕ್ಸ್ ಬಂದ ಮೇಲೆ ಅವನ ಕುಂಚಕ್ಕೆ ಕೆಲಸ ಕಡಿಮೆ. ಆದರೆ ಬಣ್ಣದ ಮಾತು ಬಂದರೆ ಈಗಲೂ ಎದ್ದು ಕೂರುತ್ತಾನೆ. "ಗಾಡಿಗೆ ಹೊಡೆಯೋ ಬಣ್ಣದಲ್ಲೂ ಕ್ಯಾಂಡಿ ಆ್ಯಪಲ್ ರೆಡ್ ಅಂತ ಇದೆ ಗೊತ್ತಾ? ಕೆಳಗೆ ಬೆಳ್ಳಿ ಕೋಟ್, ಮೇಲೆ ಕನ್ನಡಕದ ಗಾಜಿನಂಥ ತೆಳು ಕೆಂಪು. ಬಿಸಿಲು ಬಿದ್ದರೆ ಒಳಗಿಂದ ದೀಪ ಹಚ್ಚಿದ ಹಾಗಿರುತ್ತೆ. ಇದು ಅಡುಗೆ ಕೆಲಸ ಅಲ್ಲ. ನನ್ನ ಕೆಲಸ."

ಅವನ ಮಾತನ್ನು ಆಗಲೇ ಕೇಳಿದ್ದರೆ ಒಂದೂವರೆ ಕಿಲೋ ಸಕ್ಕರೆ ಉಳಿಯುತ್ತಿತ್ತು.

ನಾಳೆಗೆ ಯಾಕೆ, ಈಗಲೇ ಮಾಡಿ ನೋಡೋಣ ಎಂದೆವು. ಅಡುಗೆಮನೆಗೆ ಕಾಲಿಡಬೇಡಿ ಎಂದಳು ಹೆಂಡತಿ. ಸಣ್ಣ ಸಿಲಿಂಡರು, ಒಂದು ದಪ್ಪ ತಳದ ಪಾತ್ರೆ, ಸಕ್ಕರೆ ಡಬ್ಬಿ ಮೇಲೆ ಬಂದವು. ಅವಳೂ ಬಂದಳು. ಡಬ್ಬಿಯನ್ನು ನಮ್ಮ ಜೊತೆ ಒಂಟಿಯಾಗಿ ಬಿಡುವ ಧೈರ್ಯ ಅವಳಿಗಿರಲಿಲ್ಲ.

ಪಾಕ ಅಂದರೆ ಅವಳ ತವರಿನ ವಿದ್ಯೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಮನೆ ಅದು. ಕಟ್ಟಿಗೆಯ ಅಚ್ಚಿಗೆ ಪಾಕ ಹೊಯ್ದು ಆನೆ, ನವಿಲು, ತೇರು ತೆಗೆಯುತ್ತಾರೆ. "ಕೈ ಬಿಡದೆ ತಿರುವಬೇಕು" ಎಂದಳು. ತಿರುವಿದೆ. ಮಾಸ್ತರರು ಬೇಡ ಬೇಡ ಅನ್ನುತ್ತಿದ್ದರು. ಹೆಂಡತಿ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ನಿಂತಾಗ ಗಂಡಸು ಯಾವ ಕಡೆ ತಿರುವುತ್ತಾನೆ ಅಂತ ಹೇಳಬೇಕಾಗಿಲ್ಲ.

ಅರ್ಧ ಗಂಟೆಗೆ ಪಾಕ ಮೊದಲು ಮಂಜಾಯಿತು. ಆಮೇಲೆ ಒಮ್ಮೆಲೇ ಉಸುಕಾಯಿತು. ಪಾತ್ರೆಯ ತುಂಬಾ ಬಿಳಿ ಪುಡಿ.

ಅಡತ್ಯಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. "ಸಕ್ಕರೆ" ಎಂದ. "ಸಕ್ಕರೆಯಿಂದ ಸಕ್ಕರೆ ಮಾಡಿದಿರಿ. ನಮ್ಮ ಕಡೆ ಕಾರ್ಖಾನೆಯವರಿಗೆ ಇದು ಗೊತ್ತಿಲ್ಲ. ಪಾಪ, ಕಬ್ಬಿನಿಂದ ಮಾಡ್ತಾರೆ."

ತಪ್ಪು ಯಾರದೂ ಅಲ್ಲ ಎಂದು ಮಾಸ್ತರರು ತೀರ್ಪು ಕೊಟ್ಟರು. ಆರತಿಗೆ ಹರಳು ಕಟ್ಟಬೇಕು, ಅದಕ್ಕೇ ತಿರುವುವುದು. ಇಲ್ಲಿ ಹರಳೇ ಶತ್ರು. ಸಕ್ಕರೆ ಕರಗುವವರೆಗೆ ಮಾತ್ರ ತಿರುವಿ ಸೌಟು ತೆಗೆದುಬಿಡಬೇಕು. ಪಾತ್ರೆಯ ಗೋಡೆಗೆ ಸಿಡಿದ ಒಂದು ಹರಳು ಪಾಕಕ್ಕೆ ಬಿದ್ದರೂ ಸಾಕು, ಉಳಿದದ್ದೆಲ್ಲ ಅದರ ಬೆನ್ನು ಹತ್ತಿ ಹರಳಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸುತ್ತಿರಬೇಕು. "ಒಬ್ಬ ಎದ್ದು ಹೊರಟರೆ ಇಡೀ ಕ್ಲಾಸು ಎದ್ದು ಹೊರಡುತ್ತಲ್ಲ, ಹಾಗೆ" ಎಂದರು. ಈ ಉದಾಹರಣೆ ಅವರ ಅನುಭವದ್ದು ಅನ್ನಿಸಿತು.

"ಅಮೆರಿಕದವರು ಜೋಳದ ಸಿರಪ್ ಹಾಕ್ತಾರೆ, ಹರಳು ಆಗದ ಹಾಗೆ" ಎಂದರು ಮುಂದುವರಿದು.

ಅಡತ್ಯಾನ ಎದೆ ಉಬ್ಬಿತು. "ಜೋಳ ನಮ್ಮದೇ."

"ಅದು ಗೋವಿನಜೋಳ ಕಣಪ್ಪಾ. ರೊಟ್ಟಿ ಜೋಳ ಅಲ್ಲ. ಅದು ಸಿಗದಿದ್ದರೆ ಹುಳಿ ಸಾಕು. ನಾಲ್ಕು ಹನಿ ಲಿಂಬೆರಸ. ಹುಳಿ ಬಿದ್ದರೆ ಕುದಿಯೋ ಸಕ್ಕರೆ ಸ್ವಲ್ಪ ಒಡೆದು ಗ್ಲೂಕೋಸು, ಫ್ರಕ್ಟೋಸು ಅಂತ ಎರಡಾಗುತ್ತೆ. ಆಮೇಲೆ ಹರಳು ಸಾಲಾಗಿ ನಿಲ್ಲೋಕೆ ಆಗಲ್ಲ."

"ಹಾಗಾದರೆ ಇಂಡಿ ಲಿಂಬೆ ತರ್ತೀನಿ. ಕಡ್ಡೀನೂ ನಾನೇ ತರ್ತೀನಿ" ಎಂದ ಅಡತ್ಯಾ. ಕಡ್ಡಿ ಯಾವುದು ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಇನ್ನು ಉಳಿದದ್ದು ಶಾಖದ ಪ್ರಶ್ನೆ. ಪಾಕ ಸುಮಾರು 150 ಡಿಗ್ರಿಗೆ ಹೋಗಬೇಕು. ಅಲ್ಲಿ ನೂರು ಗ್ರಾಂ ಪಾಕದಲ್ಲಿ ನೀರು ಒಂದು ಗ್ರಾಂ ಉಳಿದಿದ್ದರೆ ಹೆಚ್ಚು. ಕಡಿಮೆ ಕಾಯಿಸಿದರೆ ಹಲ್ಲಿಗೆ ಅಂಟುತ್ತದೆ, ಜಾಸ್ತಿ ಕಾಯಿಸಿದರೆ ಕಂದಾಗಿ ಕಹಿಯಾಗುತ್ತದೆ. ಅಳೆಯೋದು ಹೇಗೆ? ನಮ್ಮ ಮನೆಯಲ್ಲಿ ಕೋವಿಡ್ ಕಾಲದ ಒಂದು ಗನ್ನು ಇತ್ತು, ಹಣೆಗೆ ಹಿಡಿಯುವುದು. ಬುಧವಾರ ಎರಡನೇ ಪಾಕ ಇಟ್ಟಾಗ ಅದನ್ನೇ ಪಾತ್ರೆಗೆ ಹಿಡಿದೆವು. ಪರದೆ ಮೇಲೆ ಇಂಗ್ಲಿಷಿನಲ್ಲಿ ಎರಡೇ ಅಕ್ಷರ ಬಂತು.

"ಹಾಯ್ ಅಂತಿದೆ ನೋಡ್ರೋ! ಮಾತಾಡಿಸ್ತಿದೆ" ಎಂದ ಅಡತ್ಯಾ.

"ಅದು ಹಾಯ್ ಅಲ್ಲ, ಹೈ. ಈ ಪೇಷಂಟಿನ ಜ್ವರ ನನ್ನ ಕೈ ಮೀರಿದೆ ಅಂತ" ಎಂದ ಮಾಸ್ತರರು, ಚೀಲದಿಂದ ತಾವು ತಂದ ಉದ್ದ ಥರ್ಮಾಮೀಟರ್ ತೆಗೆದರು. ಮೊದಲು ಕುದಿಯುವ ನೀರಿಗೆ ಹಿಡಿದು ನೋಡಿದರು. 98 ತೋರಿಸಿತು.

"ಎರಡು ಡಿಗ್ರಿ ಹೊಡೆದಿದ್ದಾರೆ!" ಅಡತ್ಯಾನ ವ್ಯಾಪಾರದ ರಕ್ತ ಕುದಿಯಿತು. ಅದು ಎಷ್ಟು ಡಿಗ್ರಿಗೆ ಕುದಿಯಿತೋ ಅಳೆಯಲಿಲ್ಲ. ಮಾಸ್ತರರು ಸಮಾಧಾನ ಮಾಡಿದರು. ನಮ್ಮ ವಿಜಯಪುರ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮುನ್ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಮೊದಲೇ ನೀರು ಕುದಿಯುತ್ತದೆ. ಹಾಗಾಗಿ ಪಾಕಕ್ಕೂ ಎರಡು ಡಿಗ್ರಿ ರಿಯಾಯಿತಿ, 148 ಸಾಕು. ಅಡತ್ಯಾ ಇದನ್ನು ನಂಬಲಿಲ್ಲ. ಎತ್ತರಕ್ಕೆ ಹೋದಷ್ಟು ರೇಟು ಇಳಿಯುವ ಮಾಲು ಅವನು ನೋಡಿಲ್ಲವಂತೆ.

ಹೆಂಡತಿ ಥರ್ಮಾಮೀಟರ್ ಕಡೆ ನೋಡಲೂ ಇಲ್ಲ. ಬಟ್ಟಲ ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟಳು. ಮೊದಲ ಸಲ ಹನಿ ಬೆರಳಿಗೆ ಉಂಡೆಯಾಗಿ ಮೆತ್ತಗೆ ಬಂತು. "ಇದು ಬೇಸನ್ ಉಂಡೆಗೆ ಸರಿ" ಎಂದಳು. ಐದು ನಿಮಿಷ ಬಿಟ್ಟು ಇನ್ನೊಂದು ಹನಿ. ಸೆಟೆದುಕೊಂಡಿತು, ಆದರೆ ಬಾಗಿತು. ಪಾಕದ ಗುಳ್ಳೆಗಳು ದೊಡ್ಡವಿದ್ದದ್ದು ಸಣ್ಣವಾದವು, ಒಡೆಯುವುದೂ ನಿಧಾನವಾಯಿತು. ಮೂರನೇ ಹನಿಯನ್ನು ಎತ್ತಿ ಸ್ಟೀಲ್ ತಾಟಿಗೆ ಎಸೆದಳು. ಟಣ್!

"148" ಎಂದರು ಮಾಸ್ತರರು ಅದೇ ಹೊತ್ತಿಗೆ. ಇಬ್ಬರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡಿಕೊಂಡರು.

ಇಷ್ಟು ಸರಿಯಾದ ಪಾಕ. ನಾನು ಫ್ರಿಜ್ಜಿನಿಂದ ಸೇಬು ತಂದು ಅದ್ದಿದೆ. ಎತ್ತಿದಾಗ ಮಿರಮಿರ ಮಿಂಚಿತು. ಚಪ್ಪಾಳೆ ಬಿತ್ತು. ಆಮೇಲೆ ನೋಡನೋಡುತ್ತಾ ಕೆಂಪು ಪದರ ಸೇಬಿನ ಭುಜದಿಂದ ಜಾರಿ, ಸೊಂಟಕ್ಕೆ ಬಂದು, ಬುಡದಲ್ಲಿ ಗುಡ್ಡೆ ಹಾಕಿತು. ಸಡಿಲ ಧೋತರ ಉಟ್ಟವನ ಹಾಗೆ ನಿಂತಿತು ಸೇಬು.

ಪೇಂಟರ್ ಅವತ್ತು ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಎದ್ದು ಬಂದ. ಇನ್ನೊಂದು ಸೇಬು ತೆಗೆದುಕೊಂಡು ಉಗುರಿನಿಂದ ಮೆಲ್ಲಗೆ ಕೆರೆದ. ಉಗುರ ಸಂದಿಯಲ್ಲಿ ಬೆಳ್ಳಗೆ ಏನೋ ಬಂತು.

"ಮೇಣ" ಎಂದ. "ಎಣ್ಣೆ ಜಿಡ್ಡಿನ ಗೋಡೆಗೆ ಬಣ್ಣ ಹಿಡಿಯಲ್ಲ. ನಲವತ್ತು ವರ್ಷದಿಂದ ಹೇಳ್ತಿದ್ದೀನಿ ಊರಿಗೆ."

ಹೌದಂತೆ. ಹಣ್ಣು ತೊಳೆದು ಪ್ಯಾಕ್ ಮಾಡುವಾಗ ಅದರದೇ ಮೇಣ ಹೋಗುತ್ತದೆ, ಆಮೇಲೆ ತಿನ್ನಬಹುದಾದ ಮೇಣ ಮೇಲೆ ಹಚ್ಚುತ್ತಾರೆ, ಬಾಡದಿರಲಿ ಅಂತ. ತಿನ್ನಲು ತೊಂದರೆ ಇಲ್ಲ, ಪಾಕಕ್ಕೆ ತೊಂದರೆ. ಮೇಲಾಗಿ ಫ್ರಿಜ್ಜಿನ ಹಣ್ಣು ಹೊರಗೆ ಬಂದ ಕೂಡಲೇ ಬೆವರುತ್ತದೆ. ಜಿಡ್ಡು ಒಂದು, ಒದ್ದೆ ಒಂದು. ಯಾವ ಕೋಟ್ ನಿಂತೀತು?

ಶನಿವಾರ ಯಜಮಾನಿಕೆ ಪೇಂಟರ್‌ಗೆ ಹೋಯಿತು. ಅವನು ಸಣ್ಣ ಸಣ್ಣ ಸೇಬು ಆರಿಸಿ ತಂದಿದ್ದ, ಎಂಟು. ದೊಡ್ಡ ಹಣ್ಣಾದರೆ ಮಕ್ಕಳ ಬಾಯಿ ಸಾಲದು. ಒಂದೊಂದನ್ನೂ ಬಿಸಿನೀರಿನಲ್ಲಿ ಹತ್ತು ಎಣಿಸುವಷ್ಟು ಅದ್ದಿ, ಹಳೇ ಬನಿಯನ್ನಿನ ತುಂಡಿನಿಂದ ಉಜ್ಜಿದ. ಬನಿಯನ್ ಒಗೆದದ್ದು ಅಂತ ಹೆಂಡತಿಗೆ ಮೂರು ಸಲ ಆಣೆ ಇಟ್ಟು ಹೇಳಿದ. ಹೊಳಪೆಲ್ಲ ಹೋಗಿ ಸೇಬು ಮಂಕಾಯಿತು. "ಈಗ ನೋಡು, ಪ್ರೈಮರ್ ಕುಡಿಯೋ ಗೋಡೆ ಹಾಗಿದೆ" ಎಂದು ತಾನೇ ಖುಷಿಪಟ್ಟ. ಮಾಳಿಗೆ ಮೇಲೆ ಒಂದು ತಾಸು ಆರಿಸಿದ. ಫೆಬ್ರವರಿಯ ನಮ್ಮ ಗಾಳಿಯಲ್ಲಿ ಹಪ್ಪಳವೇ ಒಂದು ದಿನಕ್ಕೆ ಒಣಗುತ್ತದೆ, ಸೇಬೇನು. ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯಲೇಬಾರದು. ಸಕ್ಕರೆ ಗಾಳಿಯ ತೇವ ಕುಡಿದು ಅಂಟಂಟಾಗಿಬಿಡುತ್ತದೆ.

ಎರಡು ಕಪ್ಪು ಸಕ್ಕರೆ, ಮುಕ್ಕಾಲು ಕಪ್ಪು ನೀರು, ಅರ್ಧ ಚಮಚ ಲಿಂಬೆರಸ, ಚಿಟಿಕೆ ಕೆಂಪು ಬಣ್ಣ. ಬಣ್ಣ ಇನ್ನಷ್ಟು ಹಾಕು ಅಂದದ್ದಕ್ಕೆ ಪೇಂಟರ್ ನನ್ನನ್ನು ಹಿಂದೆ ತಳ್ಳಿದ. ಕೆಳಗಿನ ಹಣ್ಣು ಕಾಣಬೇಕಂತೆ. ಬೆಳ್ಳಿ ಕೋಟಿನ ಜಾಗದಲ್ಲಿ ಇಲ್ಲಿ ಸೇಬೇ ಇದೆಯಂತೆ. ಟಣ್ ಆದ ಕೂಡಲೇ ಉರಿ ಆರಿಸಿ, ಪಾತ್ರೆಯನ್ನು ಓರೆ ಮಾಡಿ, ಸೇಬನ್ನು ಒಂದೇ ಸುತ್ತು ಹೊರಳಿಸಿ ಎತ್ತಿದ. ತಲೆಕೆಳಗೆ ಹಿಡಿದು ಹೆಚ್ಚಿನದು ಸೋರುವ ತನಕ ಕಾದು, ತುಪ್ಪ ಸವರಿದ ತಾಟಿನ ಮೇಲೆ ಇಟ್ಟ. ಇದೆಲ್ಲ ನಾಲ್ಕೈದು ಸೆಕೆಂಡು. ಉಸಿರು ಬಿಡಲಿಲ್ಲ. ಅಕ್ಷರದ ಕೊನೆಯ ಕೊಂಬು ಬರೆಯುವಾಗಲೂ ಅವನು ಹಾಗೇ ಉಸಿರು ಹಿಡಿಯುತ್ತಾನೆ.

ಅಡತ್ಯಾ "ಎಷ್ಟು ಗಟ್ಟಿಯಾಗಿದೆ ನೋಡೋಣ" ಅಂತ ಪಾತ್ರೆಯೊಳಗೆ ಬೆರಳು ತಂದ. ಹೆಂಡತಿ ಸೌಟಿನಿಂದ ಆ ಬೆರಳಿಗೆ ಒಂದು ಕೊಟ್ಟಳು. ಬಿಸಿ ಎಣ್ಣೆಯಾದರೂ ಜಾರಿ ಹೋದೀತು, ಈ ಪಾಕ ಚರ್ಮಕ್ಕೆ ಅಂಟಿ ಕೂತು ಸುಡುತ್ತದೆ. ಅದಕ್ಕೇ ಪಕ್ಕದಲ್ಲಿ ತಣ್ಣೀರಿನ ಬೋಗುಣಿ ಇಟ್ಟಿದ್ದೆವು, ಮಗಳನ್ನು ಕೆಳಗೆ ಕಳಿಸಿದ್ದೆವು. ಅಡತ್ಯಾನನ್ನೂ ಕಳಿಸಬೇಕಿತ್ತು.

ಎಂಟು ಸೇಬು ಸಾಲಾಗಿ ನಿಂತವು. ಸಂಜೆಯ ಬಿಸಿಲು ಬಿತ್ತು. ದೇವರಾಣೆಗೂ ಒಳಗೆ ದೀಪ ಹಚ್ಚಿದ ಹಾಗೇ ಇತ್ತು. ಯಾರೂ ಮಾತಾಡಲಿಲ್ಲ. "ಹರಳು ಕಟ್ಟದೆ ಗಟ್ಟಿಯಾದರೆ ಅದೇ ಗಾಜು. ಇದು ಸಕ್ಕರೆಯ ಗಾಜು" ಎಂದರು ಮಾಸ್ತರರು ಮೆಲ್ಲಗೆ.

ಉಳಿದ ಪಾಕದಲ್ಲಿ ಅಡತ್ಯಾ ತನ್ನ ತೋಟದ ಹಸಿ ದ್ರಾಕ್ಷಿ ಅದ್ದಿದ. ಚೀನಾದವರು ಹಣ್ಣನ್ನು ಕಡ್ಡಿಗೆ ಪೋಣಿಸಿ ಇದನ್ನೇ ಮಾಡುತ್ತಾರೆ, ತಂಗ್‌ಹುಲು ಅಂತ. ನಿಜ ಹೇಳಬೇಕೆಂದರೆ ತಿನ್ನಲು ಅದೇ ಮೇಲು. ಒಂದೇ ತುತ್ತು, ಹಲ್ಲಿಗೂ ಮರ್ಯಾದೆ.

ಸೇಬಿನ ಕಥೆ ಬೇರೆ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳು ಅರ್ಧ ತಾಸು ನೆಕ್ಕಿದರು. ಎಲ್ಲರ ತುಟಿ ಕೆಂಪಾದವು, ಸೇಬು ಹಾಗೇ ಇದ್ದವು. ಒಬ್ಬ ಹುಡುಗ ಕೊನೆಗೆ ಕಡ್ಡಿ ಕಚ್ಚಿ "ಥೂ, ಕಹಿ!" ಎಂದು ಕೂಗಿದ. ಎಲ್ಲರೂ ಅಡತ್ಯಾನ ಕಡೆ ನೋಡಿದೆವು.

"ಬೇವಿನ ಕಡ್ಡಿ. ಹಲ್ಲಿಗೆ ಒಳ್ಳೇದು" ಎಂದ ಅವನು. "ಇಷ್ಟು ಸಕ್ಕರೆ ತಿಂದ ಮೇಲೆ ಉಜ್ಜಬೇಕಲ್ಲ?"

ಬೇವೂ ಬಂತು, ಸಿಹಿಯೂ ಬಂತು. ಯುಗಾದಿ ಒಂದು ತಿಂಗಳು ಮೊದಲೇ ಆಗಿಹೋಯಿತು.

ಹೆಂಡತಿ ಚಾಕು ತಂದು ಕಡ್ಡಿಯ ನಾಲ್ಕೂ ಮಗ್ಗುಲು ಕೊಯ್ದು ಹೋಳು ಮಾಡಿ ಕೊಟ್ಟಳು. ಹಾಗೆ ತಿಂದರೆ ರುಚಿ. ಹುಳಿ ಸೇಬಾಗಿದ್ದರೆ ಇನ್ನೂ ರುಚಿ ಇರುತ್ತಿತ್ತು. ಕಡ್ಡಿ ಚುಚ್ಚಿದ ತೂತಿನಿಂದ ರಸ ಸೋರುತ್ತೆ, ಇಡಬೇಡಿ, ಇವತ್ತೇ ತಿನ್ನಿ ಎಂದು ಮಾಸ್ತರರು ಶುರು ಮಾಡಿದರು. 2014ರಲ್ಲಿ ಅಮೆರಿಕದಲ್ಲಿ ಕ್ಯಾರಮೆಲ್ ಸೇಬು ತಿಂದವರಿಗೆ ಲಿಸ್ಟೀರಿಯಾ ಅನ್ನೋ ರೋಗಾಣು ಅಂತ ಏನೋ ಹೇಳುವಷ್ಟರಲ್ಲಿ ಹೆಂಡತಿ ಅವರ ಬಾಯಿಗೆ ಮಿರ್ಚಿ ಇಟ್ಟಳು.

ಪೇಂಟರ್ ಮಾತ್ರ ತನ್ನ ಪಾಲಿನದನ್ನು ತಿನ್ನಲಿಲ್ಲ. ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಅಂಗಡಿಯ ಕಿಟಕಿಯಲ್ಲಿ ಇಟ್ಟನಂತೆ, ತಾನು ಬರೆದ ಹಳೇ ಬೋರ್ಡಿನ ಪಕ್ಕ. ಎರಡು ದಿನ ಜನ ನಿಂತು ನೋಡಿದರಂತೆ.

ಮೂರನೇ ದಿನ ಬೆಳಿಗ್ಗೆ ಆರಕ್ಕೆ ಫೋನ್ ಬಂತು.

"ಬುಡದಲ್ಲಿ ನೀರು ಬಿಟ್ಟಿದೆ ಕಣೋ. ಕೆಂಪೆಲ್ಲ ಇಳಿದು ಕಿಟಕಿಯಿಂದ ಗೋಡೆಗೆ ಬಂದಿದೆ. ಇರುವೆ ಸಾಲು ಚೌಕದ ತನಕ ಇದೆ."

"ಇನ್ನೇನು ಮಾಡ್ತೀಯ, ಎಸೆದುಬಿಡು" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ.

"ಎರಡನೇ ಕೋಟ್ ಹೊಡೀಬೇಕಿತ್ತು" ಎಂದ.