ಮೂರು–ನಾಲ್ಕು ವರ್ಷದ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ತರಗತಿಯ ಶಿಕ್ಷಕಿ ಏನು ಮಾಡಬಹುದು?

ಪ್ರಶ್ನೆ: ಶಿಕ್ಷಕಿ, ಪೂರ್ವ ಪ್ರಾಥಮಿಕ ತರಗತಿ

ಮೂರರಿಂದ ಐದು ವರ್ಷದೊಳಗಿನ ಹದಿನೆಂಟು ಮಕ್ಕಳಿರುವ ತರಗತಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಜೊತೆಗೆ ಒಬ್ಬ ಸಹಾಯಕಿ ಇದ್ದಾರೆ. ಈ ವರ್ಷ ಇಬ್ಬರು ಮಕ್ಕಳು ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದಾರೆ.

ಒಬ್ಬ ನಾಲ್ಕು ವರ್ಷದ ಹುಡುಗ. ಆಟ ನಿಲ್ಲಿಸಿ ಬೇರೆ ಕೆಲಸಕ್ಕೆ ಬರಬೇಕೆಂದಾಗಲೆಲ್ಲ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ಪಕ್ಕದ ಮಗುವನ್ನು ಕಚ್ಚುತ್ತಾನೆ. ಇತರ ಪೋಷಕರ ದೂರುಗಳು ಹೆಚ್ಚಿರುವುದರಿಂದ, ಕೆಲವು ದಿನ ಅವನನ್ನು ಮನೆಯಲ್ಲೇ ಇಟ್ಟುಕೊಳ್ಳುವಂತೆ ಹೇಳಿಬಿಡೋಣ ಎಂಬ ಮಾತು ನಮ್ಮಲ್ಲಿ ನಡೆಯುತ್ತಿದೆ. ಇನ್ನೊಬ್ಬಳು ಮೂರೂವರೆ ವರ್ಷದ ಹುಡುಗಿ. ಸೇರಿ ಮೂರು ತಿಂಗಳಾದರೂ ಇಲ್ಲಿ ಒಂದು ಮಾತನ್ನೂ ಆಡಿಲ್ಲ. ಮನೆಯಲ್ಲಿ, ಇಲ್ಲಿ ಬಳಸುವ ಭಾಷೆಯಲ್ಲೇ, ದಿನವಿಡೀ ಮಾತಾಡುತ್ತಾಳೆ ಎಂದು ಅವಳ ತಾಯಿ ಹೇಳುತ್ತಾರೆ. ಅವಳಿಂದ ಯಾರಿಗೂ ತೊಂದರೆಯಿಲ್ಲ. ಆದ್ದರಿಂದಲೇ ಅವಳ ವಿಷಯ ಯಾವ ಸಭೆಯಲ್ಲೂ ಬರುವುದಿಲ್ಲ. ನಿಜ ಹೇಳಬೇಕೆಂದರೆ, ಕಚ್ಚುವ ಹುಡುಗನಿಗಿಂತ ಇವಳ ಮೌನವೇ ನನ್ನನ್ನು ಹೆಚ್ಚು ಕಾಡುತ್ತಿದೆ.

ನಾನು ಮನೋವೈದ್ಯಳಲ್ಲ. ಇಬ್ಬರಿಗೂ ಕಾಯಿಲೆಯ ಹೆಸರು ಹಚ್ಚುವ ಉದ್ದೇಶವೂ ನನಗಿಲ್ಲ. ತರಗತಿಯೊಳಗೆ ನನ್ನ ಮಿತಿಯಲ್ಲಿ ಏನು ಮಾಡಬಹುದು, ಯಾವ ಹಂತದಲ್ಲಿ ತಜ್ಞರ ಸಹಾಯ ಕೇಳಬೇಕು, ಪೋಷಕರ ಮನಸ್ಸಿಗೆ ನೋವಾಗದಂತೆ ಈ ಮಾತನ್ನು ಹೇಗೆ ಆರಂಭಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಇಪ್ಪತ್ತೆರಡು ವರ್ಷಗಳಿಂದ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುತ್ತಿರುವ ಶಿಕ್ಷಕಿ

ಮೊದಲು ಹುಡುಗನ ವಿಷಯ. ಎರಡು ವಾರ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಅವನು ಕಚ್ಚಿದ ಅಥವಾ ಎಸೆದ ಪ್ರತಿ ಸಲವೂ ಗಂಟೆ ಎಷ್ಟಾಗಿತ್ತು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು, ಅನಂತರ ದೊಡ್ಡವರು ಏನು ಮಾಡಿದರು ಎಂಬ ಮೂರನ್ನು ಬರೆಯಿರಿ. «ಹಟಮಾರಿ», «ಕೋಪಿಷ್ಠ» ಎಂಬಂಥ ಪದಗಳು ಅದರಲ್ಲಿ ಬರಬಾರದು, ಕಣ್ಣಿಗೆ ಕಂಡದ್ದು ಮಾತ್ರ ಇರಲಿ. ಆಟ ನಿಲ್ಲಿಸುವ ಹೊತ್ತಿನಲ್ಲೇ ಹೀಗಾಗುತ್ತದೆ ಎಂದು ನೀವು ಈಗಾಗಲೇ ಗಮನಿಸಿದ್ದೀರಿ. ಅರ್ಧ ಉತ್ತರ ಅಲ್ಲಿಯೇ ಇದೆ. ಐದು ನಿಮಿಷ ಮೊದಲು ಅವನ ಹತ್ತಿರ ಹೋಗಿ, ಅವನ ಕಣ್ಣಿನ ಮಟ್ಟಕ್ಕೆ ಕುಳಿತು, ಮುಂದೇನು ಬರುತ್ತದೆ ಎಂದು ತಿಳಿಸಿ. ದಿನದ ಕ್ರಮವನ್ನು ತೋರಿಸುವ ಚಿತ್ರಗಳನ್ನು ಗೋಡೆಯ ಮೇಲೆ ಅವನ ಎತ್ತರಕ್ಕೆ ಅಂಟಿಸಿ. ಕಟ್ಟಿದ್ದನ್ನು ಕೆಡವಲೇಬೇಕೆಂಬ ನಿಯಮವಿದ್ದರೆ ಅದನ್ನು ಸಡಿಲಿಸಿ, «ಇದು ಇಲ್ಲೇ ಇರುತ್ತದೆ, ಮತ್ತೆ ಬಂದು ಮುಂದುವರಿಸು» ಎಂದು ಹೇಳಿ ನೋಡಿ.

ನನ್ನ ಮೊದಲ ವರ್ಷಗಳಲ್ಲಿ ಇಂಥ ಮಕ್ಕಳನ್ನು ಮೂಲೆಯ ಕುರ್ಚಿಯಲ್ಲಿ ಒಬ್ಬರನ್ನೇ ಕೂರಿಸುತ್ತಿದ್ದೆ. ಮಗು ಸುಮ್ಮನಾಗುತ್ತಿತ್ತು, ನಾನು ಅದನ್ನು ಶಾಂತಿ ಎಂದುಕೊಳ್ಳುತ್ತಿದ್ದೆ. ತನ್ನನ್ನು ಹತೋಟಿಗೆ ತಂದುಕೊಳ್ಳಲು ಯಾರ ಆಸರೆ ಬೇಕಿತ್ತೋ ಅವರನ್ನೇ ಆ ಗಳಿಗೆಯಲ್ಲಿ ಮಗುವಿನಿಂದ ದೂರ ಮಾಡುತ್ತಿದ್ದೇನೆ ಎಂಬುದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ಈಗ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ, ಹೆಚ್ಚು ಮಾತಾಡುವುದಿಲ್ಲ. «ಕಚ್ಚುವುದಕ್ಕೆ ನಾನು ಬಿಡುವುದಿಲ್ಲ. ನಿನಗೆ ಸಿಟ್ಟು ಬಂದಿದೆ, ನಾನು ಇಲ್ಲೇ ಇರುತ್ತೇನೆ» ಎಂಬಷ್ಟೇ ಸಾಕು. ಕಚ್ಚಿಸಿಕೊಂಡ ಮಗುವಿನ ಬಳಿ ಮೊದಲು ಹೋಗಬೇಕೆಂಬುದನ್ನು ಮಾತ್ರ ಮರೆಯಬೇಡಿ. ಆ ಮಗುವಿನ ಮನಸ್ಸೂ ನಮ್ಮ ಹೊಣೆಯೇ.

ಬೆಳಗ್ಗೆ ಮಗುವನ್ನು ಯಾರು ಬರಮಾಡಿಕೊಳ್ಳುತ್ತಾರೆ ಎಂಬುದನ್ನೂ ಗಮನಿಸಿ. ದಿನಕ್ಕೊಬ್ಬರು ಬಾಗಿಲಲ್ಲಿ ನಿಂತರೆ ಮಗುವಿಗೆ ಯಾರೂ ತನ್ನವರಾಗುವುದಿಲ್ಲ. ಹೊಸದಾಗಿ ಸೇರಿದ ಮಗುವನ್ನು ನಿಧಾನವಾಗಿ ಒಗ್ಗಿಸಲು ಜರ್ಮನಿಯಲ್ಲಿ ಬಳಕೆಯಲ್ಲಿರುವ ಬರ್ಲಿನ್ ಮಾದರಿಯಲ್ಲಿ ತಾಯಿ ಅಥವಾ ತಂದೆ ಮೊದಲ ಮೂರು ದಿನ ಮಗುವಿನ ಜೊತೆಯಲ್ಲೇ ಕೋಣೆಯಲ್ಲಿರುತ್ತಾರೆ. ಮೊದಲ ಸಲ ಅವರು ಹೊರಗೆ ಹೋಗುವುದು ಸಾಮಾನ್ಯವಾಗಿ ನಾಲ್ಕನೆಯ ದಿನ, ಅದೂ ಸ್ವಲ್ಪ ಹೊತ್ತು ಮಾತ್ರ. ಮಗುವನ್ನು ಸಮಾಧಾನಪಡಿಸಲು ಒಬ್ಬ ನಿರ್ದಿಷ್ಟ ಶಿಕ್ಷಕಿಗೆ ಸಾಧ್ಯವಾಗುತ್ತದೆಯೇ ಎಂಬುದನ್ನು ನೋಡಿ ಮುಂದಿನ ವೇಗವನ್ನು ನಿರ್ಧರಿಸುತ್ತಾರೆ. ಎಲ್ಲ ಕಡೆ ಇದನ್ನು ಹಾಗೆಯೇ ಅನುಸರಿಸಲಾಗದಿದ್ದರೂ, ಪ್ರತಿ ಮಗುವಿಗೂ ಒಬ್ಬರು ಗೊತ್ತಾದವರಿರಬೇಕು ಎಂಬ ಅದರ ತಿರುಳನ್ನು ಯಾರು ಬೇಕಾದರೂ ಅಳವಡಿಸಿಕೊಳ್ಳಬಹುದು.

ಉತ್ತರ 2: ಮಕ್ಕಳ ಮನಶ್ಶಾಸ್ತ್ರಜ್ಞೆ

ಮೇಲಿನ ಉತ್ತರವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆವೇಗವನ್ನು ತಡೆಯುವ ಮೆದುಳಿನ ಮುಂಭಾಗ ನಾಲ್ಕನೆಯ ವಯಸ್ಸಿನಲ್ಲಿ ಇನ್ನೂ ಬಹಳ ಎಳೆಯದಾಗಿರುತ್ತದೆ. ಅದು ಬಲಿಯುವುದು ಇಪ್ಪತ್ತರ ಹರೆಯದವರೆಗೂ ನಡೆಯುತ್ತದೆ. ಹಾಗಾಗಿ ಈ ವಯಸ್ಸಿನ ಮಗು ಮೊದಲು ದೊಡ್ಡವರ ನೆಮ್ಮದಿಯನ್ನು ಎರವಲು ಪಡೆದು, ಅನಂತರ ನಿಧಾನವಾಗಿ ತನ್ನದಾಗಿಸಿಕೊಳ್ಳುತ್ತದೆ. ದೊಡ್ಡವರ ಮುಖಭಾವ ಮಗುವಿಗೆ ಎಷ್ಟು ಮುಖ್ಯ ಎಂಬುದನ್ನು ಎಡ್ವರ್ಡ್ ಟ್ರಾನಿಕ್ ಅವರು 1970ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ ಕಾಣಬಹುದು. ತಾಯಿ ಕೆಲವೇ ನಿಮಿಷ ಯಾವ ಭಾವವನ್ನೂ ತೋರಿಸದೆ ಸುಮ್ಮನೆ ಕುಳಿತಾಗ, ಹಸುಗೂಸುಗಳು ಮೊದಲು ಅವಳನ್ನು ಸೆಳೆಯಲು ಯತ್ನಿಸಿ, ಆಮೇಲೆ ಕಂಗೆಟ್ಟು ಮುಖ ತಿರುಗಿಸಿಕೊಂಡವು.

ಹುಡುಗನನ್ನು ಮನೆಗೆ ಕಳುಹಿಸುವ ಯೋಚನೆಯನ್ನು ದಯವಿಟ್ಟು ಕೈಬಿಡುವಂತೆ ಆಗ್ರಹಿಸಿ. ಇದು ನಿಮ್ಮ ಸಂಸ್ಥೆಯೊಂದರ ಸಮಸ್ಯೆಯಲ್ಲ. ಅಮೆರಿಕದಲ್ಲಿ ವಾಲ್ಟರ್ ಗಿಲಿಯಮ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರ್ಕಾರಿ ನೆರವಿನ ಪೂರ್ವ ಪ್ರಾಥಮಿಕ ತರಗತಿಗಳಿಂದ ಪ್ರತಿ 1000 ಮಕ್ಕಳಲ್ಲಿ ಸುಮಾರು 6.7 ಮಕ್ಕಳನ್ನು ಹೊರಹಾಕಲಾಗುತ್ತಿತ್ತು. ಮೇಲಿನ ಶಾಲಾ ತರಗತಿಗಳಲ್ಲಿ ಈ ಪ್ರಮಾಣ ಸುಮಾರು 2.1 ಮಾತ್ರ. ಹೊರಬಿದ್ದವರಲ್ಲಿ ಗಂಡುಮಕ್ಕಳೇ ಬಹಳ ಹೆಚ್ಚು. ತರಗತಿಗೇ ಬಂದು ಶಿಕ್ಷಕರ ಜೊತೆ ಕುಳಿತು ಸಲಹೆ ಕೊಡುವ ಮಾನಸಿಕ ಆರೋಗ್ಯ ತಜ್ಞರ ನೆರವು ಎಲ್ಲಿತ್ತೋ ಅಲ್ಲಿ ಹೊರಹಾಕುವುದು ಕಡಿಮೆಯಿತ್ತು. ನಿಮಗೆ ಬೇಕಾಗಿರುವುದೂ ಇಂಥ ನೆರವೇ. ತಜ್ಞರು ಮಗುವನ್ನು ಬೇರೆ ಕೋಣೆಗೆ ಕರೆದೊಯ್ಯುವ ಬದಲು ನಿಮ್ಮ ತರಗತಿಯಲ್ಲಿ ಒಂದೆರಡು ಗಂಟೆ ಸುಮ್ಮನೆ ಕುಳಿತು ನೋಡಲಿ.

ಹುಡುಗಿಯ ಬಗ್ಗೆ ನಿಮ್ಮ ಕಳವಳ ಸರಿಯಾಗಿದೆ. ಹೊಸ ಜಾಗದಲ್ಲಿ ಮೊದಲ ತಿಂಗಳು ಮೌನವಾಗಿರುವುದು ಸಹಜ, ಆದ್ದರಿಂದ ಆ ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ದಾಟಿಯೂ, ಭಾಷೆ ಗೊತ್ತಿದ್ದೂ, ಒಂದು ಕಡೆ ಮಾತಾಡುವ ಮಗು ಇನ್ನೊಂದು ಕಡೆ ಮಾತಾಡದಿದ್ದರೆ ಸೆಲೆಕ್ಟಿವ್ ಮ್ಯೂಟಿಸಂ ಇದೆಯೇ ಎಂದು ಪರೀಕ್ಷಿಸಬೇಕು. ಇದು ಆತಂಕದ ಸಮಸ್ಯೆ. ಮಗು ಬೇಕೆಂದೇ ಬಾಯಿ ಮುಚ್ಚಿಕೊಂಡಿದೆ ಎಂದು ಭಾವಿಸಬಾರದು. ಈಗಲೇ ತಜ್ಞರಿಗೆ ತೋರಿಸಲು ಹೇಳಿ. ಅಲ್ಲಿಯವರೆಗೆ «ಹೇಳು, ಹೇಳು» ಎಂದು ಒತ್ತಾಯಿಸಬೇಡಿ, ಬಹುಮಾನದ ಆಸೆಯನ್ನೂ ತೋರಿಸಬೇಡಿ. ಅವಳ ಪಕ್ಕದಲ್ಲಿ ಆಡುತ್ತ, ಪ್ರಶ್ನೆ ಕೇಳುವ ಬದಲು ಅವಳು ಮಾಡುತ್ತಿರುವುದನ್ನೇ ಮಾತಿನಲ್ಲಿ ಹೇಳುತ್ತಾ ಹೋಗಿ. ತಲೆಯಾಡಿಸಿದರೂ, ಬೆರಳು ತೋರಿಸಿದರೂ ಅದನ್ನು ಉತ್ತರವೆಂದೇ ಸ್ವೀಕರಿಸಿ. ಬೇರೆ ಮಕ್ಕಳು ಬರುವ ಮೊದಲು ಖಾಲಿ ತರಗತಿಯಲ್ಲಿ ತಾಯಿ ಅವಳ ಜೊತೆ ಆಡಲಿ. ಅವಳ ದನಿ ಆ ಗೋಡೆಗಳ ನಡುವೆ ಹೊರಟ ಮೇಲೆ ನೀವು ದೂರದಿಂದ ದಿನದಿನಕ್ಕೆ ಸ್ವಲ್ಪ ಹತ್ತಿರ ಬನ್ನಿ. ಎಂದಾದರೂ ಮಾತಾಡಿದರೆ ಚಪ್ಪಾಳೆ ತಟ್ಟಬೇಡಿ, ಸಹಜವಾಗಿ ಮಾತು ಮುಂದುವರಿಸಿ.

ಬೇರೆ ಯಾವಾಗ ತಜ್ಞರನ್ನು ಕಾಣಬೇಕು ಎಂದರೆ, ಕಲಿತಿದ್ದ ಮಾತನ್ನೋ ಶೌಚದ ಅಭ್ಯಾಸವನ್ನೋ ಮಗು ಕಳೆದುಕೊಂಡಾಗ, ನಿದ್ರೆ–ಊಟ ವಾರಗಟ್ಟಲೆ ಕೆಟ್ಟಾಗ, ಆಟದಲ್ಲಿ ಆಸಕ್ತಿಯೇ ಹೋದಾಗ, ತನಗೇ ಪೆಟ್ಟು ಮಾಡಿಕೊಳ್ಳುವಾಗ. ಮಾತು ಕಳೆದುಕೊಂಡರಂತೂ ಒಂದು ದಿನವೂ ಕಾಯದೆ ವೈದ್ಯರಿಗೆ ತೋರಿಸಬೇಕು.

ಉತ್ತರ 3: ಒಬ್ಬ ತಂದೆ

ಪೋಷಕರಿಗೆ ಹೇಗೆ ಹೇಳುವುದೆಂದು ಕೇಳಿದ್ದೀರಿ. ನನ್ನ ಮಗನ ವಿಷಯವನ್ನು ಒಂದು ಸಂಜೆ ಬಾಗಿಲಲ್ಲಿ, ಬೇರೆ ಪೋಷಕರ ಎದುರಿಗೇ, «ಇವತ್ತೂ ಹೊಡೆದ» ಎಂದು ಹೇಳಿದ್ದರು. ಮಗ ನನ್ನ ಕೈ ಹಿಡಿದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಆ ದಿನದಿಂದ ಅವರ ಯಾವ ಮಾತೂ ನನಗೆ ದೂರಿನಂತೆಯೇ ಕೇಳಿಸುತ್ತಿತ್ತು. ಮುಂದಿನ ವರ್ಷದ ಶಿಕ್ಷಕಿ ನನ್ನನ್ನು ಕೂರಿಸಿ, ಅವನು ತಂಗಿಯಂಥ ಚಿಕ್ಕ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂದು ಮೊದಲು ಹೇಳಿ, ಅನಂತರ «ಮನೆಯಲ್ಲಿ ಅವನಿಗೆ ಸಿಟ್ಟು ಬಂದಾಗ ನೀವು ಏನು ಮಾಡುತ್ತೀರಿ, ಯಾವುದು ಫಲ ಕೊಡುತ್ತದೆ?» ಎಂದು ನನ್ನನ್ನೇ ಕೇಳಿದರು. ಮನೆಯಲ್ಲಿ ಆಗ ನಮಗಿದ್ದ ಕಷ್ಟವನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವರಿಗೆ ಹೇಳಿದೆ. ಮಗನನ್ನು ಇಷ್ಟಪಡುವವರು ಎಂದು ಗೊತ್ತಾದ ಮೇಲೆ ಪೋಷಕರು ಏನನ್ನಾದರೂ ಕೇಳಿಸಿಕೊಳ್ಳುತ್ತಾರೆ.

ಉತ್ತರ 4: ಶಿಕ್ಷಕರ ತರಬೇತುದಾರರು

ಒಂದು ಮಾತನ್ನು ಸೇರಿಸುತ್ತೇನೆ. ಇಲ್ಲಿ ಸೂಚಿಸಿರುವುದೆಲ್ಲವೂ ಶಿಕ್ಷಕಿಯ ತಾಳ್ಮೆಯ ಮೇಲೆ ನಿಂತಿದೆ, ಆ ತಾಳ್ಮೆಗೆ ಆಸರೆ ಕೊಡುವವರ ಬಗ್ಗೆ ಮಾತ್ರ ಯಾರೂ ಹೇಳಿಲ್ಲ. ಗಿಲಿಯಮ್ ಅವರ ದತ್ತಾಂಶದಲ್ಲೂ ಕೆಲಸದ ಒತ್ತಡ ಹೆಚ್ಚೆಂದು ಹೇಳಿದ ಶಿಕ್ಷಕರ ತರಗತಿಗಳಲ್ಲಿ ಮಕ್ಕಳನ್ನು ಹೊರಹಾಕುವುದು ಹೆಚ್ಚಿತ್ತು. ನಾಲ್ಕು ವರ್ಷದ ಮಕ್ಕಳಿಗೆ ಹತ್ತಕ್ಕೊಬ್ಬರಂತೆ ದೊಡ್ಡವರಿರಬೇಕೆಂದು ಅಮೆರಿಕದ ಶಿಶುಶಿಕ್ಷಣ ಸಂಘ ಶಿಫಾರಸು ಮಾಡುತ್ತದೆ. ನಿಮ್ಮ ತರಗತಿ ಆ ಮಿತಿಯೊಳಗಿದೆ, ಆದರೆ ನಿಮ್ಮ ಸಹಾಯಕಿ ರಜೆ ಹಾಕಿದ ದಿನ ಇಲ್ಲ. ಹುಡುಗ ಕಚ್ಚಿದ ದಿನಗಳನ್ನು ಅವರ ರಜೆಯ ದಿನಗಳ ಜೊತೆ ಹೋಲಿಸಿ ನೋಡಿ. ನಿಮಗೇ ಕೋಪ ಉಕ್ಕಿ ಬಂದಾಗ ಎರಡು ನಿಮಿಷ ಹೊರಗೆ ಹೋಗಿ ಬರಲು ಸಹಾಯಕಿಯೊಂದಿಗೆ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು, ಐದು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ಬರೆದೆ. ಹನ್ನೊಂದು ಸಲ ಕಚ್ಚಿದ್ದರಲ್ಲಿ ಎಂಟು ಸಲ ಸಹಾಯಕಿ ಕೋಣೆಯಲ್ಲಿರಲಿಲ್ಲ. ಆ ಪುಟಗಳನ್ನು ಮುಖ್ಯಸ್ಥರ ಮುಂದಿಟ್ಟ ಮೇಲೆ ಹುಡುಗನನ್ನು ಮನೆಗೆ ಕಳುಹಿಸುವ ಮಾತು ನಿಂತಿದೆ, ರಜೆಯ ದಿನಗಳಿಗೆ ಬದಲಿ ವ್ಯವಸ್ಥೆ ಆಗಿದೆ. ಕಳೆದ ವಾರ ಅವನು ಒಮ್ಮೆ ಮಾತ್ರ ಕಚ್ಚಿದ.

ಹುಡುಗಿಯ ತಾಯಿ ತಜ್ಞರ ಭೇಟಿಗೆ ಸಮಯ ಪಡೆದಿದ್ದಾರೆ. ಬೆಳಗ್ಗೆ ಅರ್ಧ ಗಂಟೆ ಮುಂಚೆ ಬಂದು ಅವಳೊಡನೆ ಆಡುತ್ತಾರೆ. ನಾನು ಕಪಾಟಿನ ಹತ್ತಿರ ಬೆನ್ನು ಮಾಡಿ ನಿಂತು ಪುಸ್ತಕ ಜೋಡಿಸುತ್ತಿರುತ್ತೇನೆ. ಮೊನ್ನೆ ಅವಳು ತಾಯಿಯ ಕಿವಿಯಲ್ಲಿ ಏನನ್ನೋ ಪಿಸುಗುಟ್ಟಿದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.