‘ಇನ್ ರಿಗಾರ್ಡ್ಸ್ ಟು’: ಎಸ್ ಬೇಕೋ ಬೇಡವೋ?

ಗಂಗಾವತಿ, ರೈಸ್ ಮಿಲ್ ಆಫೀಸ್: ಹೊರರಾಜ್ಯದ ಪಾರ್ಟಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಹಾಕುವಾಗ ‘ಇನ್ ರಿಗಾರ್ಡ್ಸ್ ಟು ಯುವರ್ ಆರ್ಡರ್’ (ನಿಮ್ಮ ಆರ್ಡರ್ ಕುರಿತು) ಅಂತಲೇ ಶುರು ಮಾಡ್ತೀವಿ. ಎಸ್ ತೆಗೀರಿ ಅಂತ ಒಬ್ಬರು, ‘ಆ್ಯಸ್ ರಿಗಾರ್ಡ್ಸ್’ನಲ್ಲಿ ಎಸ್ ಇದೆಯಲ್ಲ ಅಂತ ಇನ್ನೊಬ್ಬರು. ಯಾವುದು ಸರಿ?

ಸಿಂಧನೂರು: ಇಬ್ಬರದೂ ಸರಿ ಐತ್ರಿ. ‘ಇನ್ ರಿಗಾರ್ಡ್ ಟು’, ‘ವಿತ್ ರಿಗಾರ್ಡ್ ಟು’ ಎರಡರಲ್ಲೂ ರಿಗಾರ್ಡ್ ಏಕವಚನದ ನಾಮಪದ, ಎಸ್ ಬೇಡ. ‘ಆ್ಯಸ್ ರಿಗಾರ್ಡ್ಸ್’ನಲ್ಲಿ ಅದು ಕ್ರಿಯಾಪದ. ‘ಹೀ ಗೋಸ್’ ಅನ್ನುವಾಗ ಬರುವ ಎಸ್ಸೇ ಅಲ್ಲಿರೋದು, ಅದರ ಮುಂದೆ ‘ಟು’ ಹಾಕಬಾರದು. ಪತ್ರದ ಕೊನೆಗೆ ಬರೆಯುವ ‘ವಿತ್ ರಿಗಾರ್ಡ್ಸ್’ ಬೇರೆಯೇ, ಅದು ವಂದನೆ. ಮೂರೂ ಕಲಸಿಕೊಂಡು ನಿಮ್ಮ ‘ಇನ್ ರಿಗಾರ್ಡ್ಸ್ ಟು’ ಆಗೇತಿ. ಅಮೆರಿಕದವರ ಮಾತಿನಲ್ಲೂ ಇದು ಕೇಳುತ್ತೆ, ಆದರೆ ವ್ಯವಹಾರದ ಪತ್ರದಲ್ಲಿ ತಪ್ಪು ಅಂತಲೇ ಎಣಿಸ್ತಾರೆ.

ಸಿರುಗುಪ್ಪ: ಎಸ್ ತೆಗೆದರೆ ವ್ಯಾಕರಣ ನೆಟ್ಟಗಾಗುತ್ತೆ, ವಾಕ್ಯ ಮಾತ್ರ ಹಂಗೇ ಭಾರ. ‘ಇನ್ ರಿಗಾರ್ಡ್ ಟು ಯುವರ್ ಆರ್ಡರ್, ದಿ ಲಾರಿ ಹ್ಯಾಸ್ ಲೆಫ್ಟ್’ ಬದಲು ‘ಯುವರ್ ಆರ್ಡರ್ ಲೆಫ್ಟ್ ಗಂಗಾವತಿ ದಿಸ್ ಮಾರ್ನಿಂಗ್’ ಅಂತ ಬರೆದು ನೋಡ್ರಿ. ಮೊದಲು ಆ ಪದಗುಚ್ಛವನ್ನೇ ಹೊಡೆದುಹಾಕಿ, ಅದರ ಮುಂದಿನ ನಾಮಪದವನ್ನು ಕರ್ತೃ ಮಾಡಿ. ಆಗದಿದ್ದರೆ ‘ಅಬೌಟ್’ ಸಾಕು: ‘ವಿ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ದಿ ಮಾಯಿಸ್ಚರ್’.

ಒಂದು ಕಡೆ ಹುಷಾರು. ‘ಡಿಸ್ಕಸ್’ ಆದಮೇಲೆ ‘ಇನ್ ರಿಗಾರ್ಡ್ ಟು’ ಬೇಡ, ‘ಅಬೌಟ್’ ಸಹ ಬೇಡ. ‘ಡಿಸ್ಕಸ್ ದಿ ರೇಟ್’ ಅಷ್ಟೇ. ನಮ್ಮ ಕಡೆ ‘ದರದ ಬಗ್ಗೆ ಚರ್ಚಿಸಿ’ ಅನ್ನೋ ರೂಢಿ ಇರೋದರಿಂದ ಆ ‘ಬಗ್ಗೆ’ ಇಂಗ್ಲಿಷಿಗೂ ನುಸುಳುತ್ತೆ.

ಉದ್ದನೆಯ ಇ-ಮೇಲ್‌ನಲ್ಲಿ ಅಕ್ಕಿಯ ಮಾತು ಮುಗಿಸಿ ಚೀಲದ ವಿಷಯಕ್ಕೆ ಹೊರಳುವಾಗ ಮಾತ್ರ ‘ವಿತ್ ರಿಗಾರ್ಡ್ ಟು’ ಕೆಲಸಕ್ಕೆ ಬರುತ್ತೆ. ಅಲ್ಲೂ ‘ಆ್ಯಸ್ ಫಾರ್ ದಿ ಬ್ಯಾಗ್ಸ್’ ಇನ್ನೂ ಹಗುರ.

ಗಂಗಾವತಿ: ಸಬ್ಜೆಕ್ಟ್ ಲೈನಿನ ಕೊನೆಗೆ ‘ರೆಗ್.’ (‘ರಿಗಾರ್ಡಿಂಗ್’, ಅಂದರೆ ‘ಕುರಿತು’ ಅನ್ನೋದರ ಚುಟುಕು) ಹಾಕ್ತೀವಲ್ಲ, ಅದು?

ಸಿಂಧನೂರು: ನಮ್ಮ ಸರ್ಕಾರಿ ಕಚೇರಿಗೆ ಬರೆಯುವಾಗ ನಡೆಯುತ್ತೆ, ಅಲ್ಲಿ ಅದೇ ರೂಢಿ. ಹೊರದೇಶದವರಿಗೆ ಅದು ಅರ್ಥವಾಗದೆ ಹೋಗಬಹುದು, ಬಿಟ್ಟುಬಿಡಿ. ‘ಪೇಮೆಂಟ್ ರೆಗ್.’ ಅಂದರೆ ದುಡ್ಡು ಬಂತೋ, ಬರಬೇಕೋ ಅನ್ನೋದೂ ತಿಳಿಯಲ್ಲ. ‘ಇನ್‌ವಾಯ್ಸ್ 214: ಪೇಮೆಂಟ್ ಡ್ಯೂ’ ಅಂತ ಹಾಕಿದರೆ ಮೇಲ್ ತೆರೆಯುವ ಮುಂಚೆಯೇ ವಿಷಯ ಗೊತ್ತಾಗುತ್ತೆ.